ಚುಕ್ಕೆ ಎಣಿಸಬೇಡಿ, ಕಾಲು ನೋಡಿ: ಹಾರ್ಲೆಕ್ವಿನ್ ಗುಲಗಂಜಿ ಹುಳುವಿನ ಸಮೀಕ್ಷೆ ಕಲಿಸಿದ್ದು

ಈ ಕೆಲಸದಲ್ಲಿ ಮೊದಲು ದಾರಿ ತಪ್ಪಿಸುವುದು ಗುಲಗಂಜಿ ಹುಳು ಎಂಬ ಹೆಸರೇ. ಗುಲಗಂಜಿ ಕಾಳಿನಂತೆ ಕೆಂಪು ಮೈ, ಅದರ ಮೇಲೊಂದಿಷ್ಟು ಕಪ್ಪು ಎಂದು ಕಣ್ಣು ಹುಡುಕುತ್ತಿರುತ್ತದೆ. ಹಾರ್ಲೆಕ್ವಿನ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ ಕೊಂಬೆ ಬಡಿದರೆ ಚುಕ್ಕೆಯೇ ಇಲ್ಲದ ಕಿತ್ತಳೆ ಹುಳು ಒಂದು, 19 ಚುಕ್ಕೆಯದು ಇನ್ನೊಂದು, ಕಪ್ಪು ಮೈಗೆ ಎರಡೇ ಕೆಂಪು ಮಚ್ಚೆ ಇರುವುದು ಮತ್ತೊಂದು ಬೀಳಬಹುದು. ಮೂರೂ ಒಂದೇ ಜಾತಿ, ಹಾರ್ಮೋನಿಯ ಆಕ್ಸಿರಿಡಿಸ್. ಈ ಬಣ್ಣಭೇದಗಳ ಹಿಂದೆ ಪ್ಯಾನಿಯರ್ ಎಂಬ ಜೀನ್ ಇದೆಯೆಂದು 2018ರಲ್ಲಿ ಗೊತ್ತಾಯಿತು. ಸಾಲದ್ದಕ್ಕೆ, ಮರಿ ಬಲಿತ ಹುಳುವಾಗಿ ಮಾರ್ಪಡುವ ಕೋಶಾವಸ್ಥೆಯನ್ನು ಚಳಿಯಲ್ಲಿ ಕಳೆದ ಹುಳುವಿಗೆ ಚುಕ್ಕೆ ದೊಡ್ಡದಾಗಿ ಮೂಡುತ್ತದೆ. ಹಾಗಾಗಿ ನಮ್ಮ ನಮೂನೆಯಲ್ಲಿ ಚುಕ್ಕೆಯ ಸಂಖ್ಯೆ ಕೊನೆಯ ಕಾಲಂ.

ನೋಡಬೇಕಾದ ಕ್ರಮವೇ ಬೇರೆ. ಮೊದಲು ಅಳತೆ: 5ರಿಂದ 8 ಮಿಲಿಮೀಟರ್. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅದು ಹಾರ್ಲೆಕ್ವಿನ್ ಅಲ್ಲ ಎಂದು ಅಲ್ಲಿಗೇ ಬಿಡಿ. ಆಮೇಲೆ ಹುಳುವನ್ನು ಗಾಜಿನ ಡಬ್ಬಿಯಲ್ಲಿ ಮಗುಚಿ ಕಾಲು ನೋಡಿ. ಹಾರ್ಲೆಕ್ವಿನ್‌ನ ಕಾಲು ಹೆಚ್ಚುಕಡಿಮೆ ಯಾವಾಗಲೂ ಕಂದು. ಯುರೋಪಿನ ಏಳು ಚುಕ್ಕೆಯ ಹುಳುವಿಗೂ ಎರಡು ಚುಕ್ಕೆಯದಕ್ಕೂ ಕಪ್ಪು ಕಾಲು. ಮೂರನೆಯದು ತಲೆಗೂ ರೆಕ್ಕೆಗೂ ನಡುವಿನ ಫಲಕ: ಕಿತ್ತಳೆ ಬಣ್ಣದವುಗಳಲ್ಲಿ ಬಿಳಿಯ ಮೇಲೆ ಕಪ್ಪು ಗುರುತು ರೋಮನ್ ಅಕ್ಷರ ಎಂ ಆಕಾರದಲ್ಲಿರುತ್ತದೆ, ಕೆಲವೊಮ್ಮೆ ಒಡೆದು ಬಿಡಿಬಿಡಿ ಚುಕ್ಕೆಯಾಗಿರುತ್ತದೆ. ಕಪ್ಪು ಹುಳುಗಳಲ್ಲಿ ಫಲಕದ ಎರಡು ಬದಿಗೆ ಮಾತ್ರ ಬಿಳಿ. ಕೊನೆಗೆ, ಹಿಂತುದಿಯ ಹತ್ತಿರ ರೆಕ್ಕೆಗೆ ಅಡ್ಡಲಾಗಿ ಸಣ್ಣ ಏಣು ಇದೆಯೇ ಎಂದು ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಎಲ್ಲದರಲ್ಲೂ ಇರುವುದಿಲ್ಲ. ಇದ್ದರೆ ಗುರುತು ಗಟ್ಟಿಯಾಯಿತು.

ಹೆಚ್ಚು ತಪ್ಪಾಗುವುದು ಕಪ್ಪು ಹುಳುಗಳಲ್ಲಿ. ಎರಡು ಚುಕ್ಕೆಯ ಜಾತಿಯಲ್ಲೂ ಕಪ್ಪು ಮೈಗೆ ನಾಲ್ಕೋ ಆರೋ ಕೆಂಪು ಮಚ್ಚೆ ಇರುವ ರೂಪ ಇದೆ. ಅದು ಚಿಕ್ಕದು, ಕಾಲು ಕಪ್ಪು. ಪೈನ್ ಗುಲಗಂಜಿ ಹುಳು ಇನ್ನೂ ಚಿಕ್ಕದು, ಅದರ ಮುಂದಿನ ಕೆಂಪು ಮಚ್ಚೆ ಅಲ್ಪವಿರಾಮದಂತೆ ಬಾಗಿರುತ್ತದೆ, ರೆಕ್ಕೆಯ ಸುತ್ತ ಟೊಪ್ಪಿಗೆಯಂತೆ ಅಂಚು ಇರುತ್ತದೆ. ಇನ್ನು, ಕೋಶದಿಂದ ಆಗಷ್ಟೇ ಹೊರಬಂದ ಹುಳು ಯಾವ ಜಾತಿಯದಾದರೂ ಮಾಸಲು ಹಳದಿ, ಮೆತ್ತಗೆ, ಚುಕ್ಕೆಯಿಲ್ಲದ್ದು. ಗಂಟೆಗಳು ಕಳೆದಂತೆ ಚುಕ್ಕೆ ಮೂಡುತ್ತದೆ, ಬಣ್ಣ ಗಾಢವಾಗಲು ಇನ್ನೂ ದಿನಗಳು ಹಿಡಿಯುತ್ತವೆ. ಚುಕ್ಕೆಯಿಲ್ಲದ ಹಳದಿ ಹುಳು ಸಿಕ್ಕರೆ ಪಕ್ಕದಲ್ಲೇ ಖಾಲಿ ಕೋಶ ಇದೆಯೇ ಎಂದು ಹುಡುಕಿ, ಆಮೇಲೆ ಬರೆಯಿರಿ.

ಹುಡುಕುವುದು ಎಲ್ಲಿ? ಹುಲ್ಲಿನಲ್ಲಿ ಬಲೆ ಬೀಸಿದರೆ ಏಳು ಚುಕ್ಕೆಯದು ಸಿಗುತ್ತದೆ. ಹಾರ್ಲೆಕ್ವಿನ್ ಮೂಲತಃ ಮರದ ಹುಳು. ಲಿಂಡೆನ್, ಮೇಪಲ್ ಮರಗಳ ಕೆಳಗಿನ ಕೊಂಬೆ ಹಿಡಿದು, ಅಡಿಗೆ ತಲೆಕೆಳಗು ಮಾಡಿದ ಬಿಳಿ ಕೊಡೆ ಇಟ್ಟು, ಕೋಲಿನಿಂದ ಮೂರ್ನಾಲ್ಕು ಏಟು ಚುರುಕಾಗಿ ಹೊಡೆಯಬೇಕು. ನಿಧಾನಕ್ಕೆ ಅಲುಗಿಸಿದರೆ ಕೆಲಸ ಕೆಟ್ಟಿತು: ಮೊದಲ ಅಲುಗಾಟಕ್ಕೇ ಹುಳು ಕಾಲು ಬಿಗಿದು ಎಲೆಗೆ ಅಂಟಿಕೊಳ್ಳುತ್ತದೆ. ಎಲೆ ಒದ್ದೆಯಿದ್ದಾಗ ಬಡಿಯಬೇಡಿ. ಮರಿಹುಳುಗಳು ಕೊಡೆಯ ಬಟ್ಟೆಗೆ ಮೆತ್ತಿಕೊಂಡು ಸಾಯುತ್ತವೆ, ಎಣಿಕೆಯೂ ತಪ್ಪುತ್ತದೆ. ಮರದ ಜಾತಿ, ಏಟಿನ ಸಂಖ್ಯೆ, ಕಳೆದ ನಿಮಿಷ ಇವನ್ನು ಏನೂ ಸಿಗದ ಮರಕ್ಕೂ ಬರೆಯಲೇಬೇಕು. ಸೊನ್ನೆ ಬರೆಯದ ದಾಖಲೆಯಿಂದ ಹುಳು ಹೆಚ್ಚಿತೋ ಕಡಿಮೆಯಾಯಿತೋ ಯಾರೂ ಹೇಳಲಾರರು. ಹುಮ್ಮಸ್ಸಿನವರೇ ಇದನ್ನು ಮರೆಯುವುದು ಹೆಚ್ಚು.

ನಮ್ಮ ಪ್ರಕಾರ ಬಲಿತ ಹುಳುವಿಗಿಂತ ಮರಿಹುಳುವಿನ ದಾಖಲೆಗೆ ಬೆಲೆ ಹೆಚ್ಚು. ಬಲಿತದ್ದು ಎಲ್ಲಿಂದಲೋ ಹಾರಿಬಂದಿರಬಹುದು, ಮರಿ ಸಿಕ್ಕಿತೆಂದರೆ ಅಲ್ಲಿ ಸಂತಾನ ನಡೆಯುತ್ತಿದೆ ಎಂದೇ ಅರ್ಥ. ಗುರುತಿಸುವುದೂ ಸುಲಭ. ಪೊರೆ ಕಳಚುತ್ತ ನಾಲ್ಕು ಹಂತಗಳಲ್ಲಿ ಬೆಳೆಯುವ ಮರಿ ಕೊನೆಯ ಹಂತದಲ್ಲಿ ಕಪ್ಪು, ಮೈತುಂಬ ಕವಲೊಡೆದ ಮುಳ್ಳು, ಎರಡು ಪಕ್ಕಕ್ಕೂ ಕಿತ್ತಳೆಯ ಉದ್ದ ಪಟ್ಟಿ. ಏಳು ಚುಕ್ಕೆಯ ಮರಿ ಬೂದು, ಅದರ ಮೇಲೆ ಹಳದಿ ಚುಕ್ಕೆಗಳು ಬಿಡಿಬಿಡಿ. ಕೋಶವಾದ ಮೇಲೂ ಹಾರ್ಲೆಕ್ವಿನ್ ಸುಳಿವು ಬಿಟ್ಟಿರುತ್ತದೆ: ಎಲೆಗೆ ಅಂಟಿದ ಬುಡದಲ್ಲಿ, ಕಳಚಿದ ಮುಳ್ಳಿನ ಚರ್ಮ ಮುದ್ದೆಯಾಗಿ ಕೂತಿರುತ್ತದೆ. ಕುಂಚದ ತುದಿ ತಾಗಿಸಿದರೆ ಕೋಶ ಥಟ್ಟನೆ ಎದ್ದು ನಿಂತು ಮತ್ತೆ ಮಲಗುತ್ತದೆ.

ಮರಿಗಳನ್ನು ಸಾಕಿ ಜಾತಿ ಖಚಿತಪಡಿಸಿಕೊಳ್ಳುವಾಗ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕುವುದು ಹೊಸಬರ ಖಾಯಂ ತಪ್ಪು. ಬೆಳಿಗ್ಗೆ ಹತ್ತು, ಸಂಜೆಗೆ ನಾಲ್ಕು! ಈ ಜಾತಿ ತನ್ನವರನ್ನೂ ಬಿಡುವುದಿಲ್ಲ. 20-30 ಹಳದಿ ಮೊಟ್ಟೆಗಳ ಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಇದು ಮೊದಲ ಗಂಟೆಯಲ್ಲೇ ಕಾಣುತ್ತದೆ. ಒಡೆಯುವ ಮುಂಚೆ ಮೊಟ್ಟೆ ಬೂದಾಗುತ್ತದೆ. ಮೊದಲು ಹೊರಬಂದ ಮರಿಗಳು ಚಿಪ್ಪಿನ ಮೇಲೇ ಕೂತು ಮೈ ಗಟ್ಟಿಮಾಡಿಕೊಳ್ಳುತ್ತವೆ, ಆಮೇಲೆ ಪಕ್ಕದ ಒಡೆಯದ ಮೊಟ್ಟೆಗೆ ಬಾಯಿ ಹಾಕುತ್ತವೆ. ಸಸ್ಯಹೇನು ಸಿಗುವ ಮುಂಚಿನ ಬುತ್ತಿ ಅದೇ. ಹಾಗಾಗಿ ಮೂರನೆಯ ಹಂತದಿಂದಾಚೆ ಒಂದು ಡಬ್ಬಿಗೆ ಒಂದೇ ಮರಿ. ದಿನಾ ತಾಜಾ ಸಸ್ಯಹೇನು ಹಾಕಿ, ಅದು ಸಿಗದ ದಿನ ಎಫೆಸ್ಟಿಯ ಹಿಟ್ಟುಚಿಟ್ಟೆಯ ಮೊಟ್ಟೆ ನಡೆಯುತ್ತದೆ. ಮುಚ್ಚಳದ ಒಳಗೆ ನೀರು ಹನಿಗಟ್ಟಲು ಬಿಡಬೇಡಿ, ಎಳೆ ಮರಿ ಒಂದು ಹನಿಯಲ್ಲೇ ಮುಳುಗಿ ಸಾಯುತ್ತದೆ. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಸುಮಾರು ಮೂರು ದಿನ, ಮರಿ ಹತ್ತು ದಿನ, ಕೋಶ ನಾಲ್ಕೈದು ದಿನ. ತಂಪಿದ್ದಷ್ಟೂ ಎಲ್ಲವೂ ಎಳೆಯುತ್ತದೆ.

ಬಲಿತ ಹುಳು ದಿನಕ್ಕೆ 15ರಿಂದ 65 ಸಸ್ಯಹೇನು ತಿನ್ನುತ್ತದೆ. ಈ ಹಸಿವಿಗಾಗಿಯೇ ಅದನ್ನು ಏಷ್ಯಾದಿಂದ ಕರೆತಂದದ್ದು. ಅಮೆರಿಕದಲ್ಲಿ 1916ರಲ್ಲೇ ಬಿಟ್ಟು ನೋಡಿದ್ದರು, ನೆಲೆಯೂರಿದ್ದು ಕಂಡದ್ದು 1988ರಲ್ಲಿ, ಲೂಸಿಯಾನದಲ್ಲಿ. ಯುರೋಪಿನಲ್ಲಿ ಹಸಿರುಮನೆಗಳಿಗೆ ಮಾರಾಟವೂ ಆಯಿತು. ಬ್ರಿಟನ್ನಿಗೆ 2004ರಲ್ಲಿ ತಾನಾಗಿಯೇ ಬಂದು ತಲುಪಿತು. ವಂಶವಾಹಿ ಹೋಲಿಸಿದವರು 2010ರಲ್ಲಿ ತೋರಿಸಿದ ಪ್ರಕಾರ ಯುರೋಪ್, ದಕ್ಷಿಣ ಅಮೆರಿಕ, ಆಫ್ರಿಕಗಳ ಮೇಲಿನ ದಾಳಿಗೆ ಮೆಟ್ಟಿಲಾದದ್ದು ಏಷ್ಯಾ ಅಲ್ಲ, ಅಮೆರಿಕದ ಪೂರ್ವಭಾಗದ ಹುಳುಗಳು.

ಸ್ಥಳೀಯ ಜಾತಿಗಳಿಗೆ ಪೆಟ್ಟು ಬಿದ್ದದ್ದು ಮೂರು ಕಡೆಯಿಂದ. ಸಸ್ಯಹೇನು ಮುಗಿದರೆ ಹಾರ್ಲೆಕ್ವಿನ್ ಮರಿ ಇತರ ಗುಲಗಂಜಿ ಹುಳುಗಳ ಮೊಟ್ಟೆ, ಮರಿ, ಕೋಶ ಎಲ್ಲವನ್ನೂ ತಿನ್ನುತ್ತದೆ; ಅವು ಇದರ ಮುಳ್ಳಿಗೂ ವಿಷಕ್ಕೂ ಹಿಂಜರಿಯುತ್ತವೆ. ಎರಡನೆಯದು ಕಾಲ. ಏಳು ಚುಕ್ಕೆಯದು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಪೀಳಿಗೆ ಮುಗಿಸಿ ಚಳಿಗಾಲಕ್ಕೆ ಅಣಿಯಾಗುವಾಗ ಇದು ಎರಡನೆಯದನ್ನು ಬೆಳೆಸುತ್ತಿರುತ್ತದೆ. ಅಕ್ಟೋಬರ್‌ನಲ್ಲಿ ಲಿಂಡೆನ್ ಎಲೆಯ ಮೇಲೆ ಮರಿಹುಳು ಕಂಡರೆ ಬಹುಪಾಲು ಇದರದ್ದೇ. ಮೂರನೆಯದು ರೋಗ: ಇದರ ರಕ್ತದಲ್ಲಿ ಇರುವ ಮೈಕ್ರೋಸ್ಪೊರಿಡಿಯ ಎಂಬ ಪರಾವಲಂಬಿಗಳು ಇದಕ್ಕೆ ಏನೂ ಮಾಡುವುದಿಲ್ಲ, ಅವನ್ನೇ ಏಳು ಚುಕ್ಕೆಯದಕ್ಕೆ ಚುಚ್ಚಿದಾಗ ಅದು ಸತ್ತಿತು ಎಂದು 2013ರ ಪ್ರಯೋಗ ತೋರಿಸಿತು. ಪ್ರಯೋಗಾಲಯದ ಈ ಮಾತನ್ನು ಬಯಲಿಗೂ ಹಾಗೇ ಒಯ್ಯಬಾರದು. ಎಣಿಕೆಯ ಪುರಾವೆ ಮಾತ್ರ ಗಟ್ಟಿ: ಹಾರ್ಲೆಕ್ವಿನ್ ಬಂದ ಐದು ವರ್ಷದೊಳಗೆ ಎರಡು ಚುಕ್ಕೆಯದು ಬ್ರಿಟನ್ನಿನಲ್ಲಿ ಶೇ. 44, ಬೆಲ್ಜಿಯಂನಲ್ಲಿ ಶೇ. 30 ಇಳಿಯಿತೆಂದು 2012ರಲ್ಲಿ ಪ್ರಕಟವಾಯಿತು. ಆ ಲೆಕ್ಕಕ್ಕೆ ಒದಗಿದ್ದು ಹವ್ಯಾಸಿಗಳು ವರ್ಷಾನುಗಟ್ಟಲೆ ಬರೆದಿಟ್ಟ ದಾಖಲೆಗಳು.

ಚಳಿಗಾಲಕ್ಕೆ ಮುಂಚೆ, ತಣ್ಣನೆಯ ದಿನಗಳ ಬೆನ್ನಿಗೆ ಬಿಸಿಲೇರಿದ ಮಧ್ಯಾಹ್ನ ಇವು ಗುಂಪಾಗಿ ಹಾರಿ ಎತ್ತರದ, ತಿಳಿಬಣ್ಣದ ಗೋಡೆಗಳಿಗೆ ಬರುತ್ತವೆ. ಹಿಂದಿನ ಹುಳುಗಳ ಮೈಯಿಂದ ಮೇಲ್ಮೈಗೆ ಅಂಟಿದ ಹೈಡ್ರೋಕಾರ್ಬನ್‌ಗಳು ಹೊಸಬರಿಗೂ ದಾರಿ ತೋರುವುದರಿಂದ ಅದೇ ಕಿಟಕಿ ಮೂಲೆಗೆ ಮತ್ತೆ ಬರುವುದುಂಟು. ಮನೆಯವರು ಕರೆದಾಗ ನಾವು ಹೇಳುವುದು ಇಷ್ಟು: ಹೊಸಕಬೇಡಿ. ಹೆದರಿದ ಹುಳು ಕಾಲಿನ ಕೀಲುಗಳಿಂದ ಹಳದಿ ರಸ ಬಿಡುತ್ತದೆ, ಗೋಡೆಗೆ ಕಲೆಯಾಗುತ್ತದೆ, ವಾಸನೆ ಉಳಿಯುತ್ತದೆ, ಕೆಲವರಿಗೆ ಅಲರ್ಜಿ ತರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೊಳವೆಯ ಬಾಯೊಳಗೆ ಹಳೆಯ ನೈಲಾನ್ ಕಾಲುಚೀಲ ತೂರಿಸಿ, ಅಂಚನ್ನು ಹೊರಕ್ಕೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಎಳೆಯಿರಿ. ಯಂತ್ರ ನಿಲ್ಲಿಸುವ ಮುಂಚೆ ಚೀಲದ ಬಾಯಿ ಗಂಟು ಹಾಕಿ. ನಿಲ್ಲಿಸಿದ ಮೇಲೆ ಗಂಟು ಹಾಕಲು ಹೋದರೆ ಅರ್ಧ ಹುಳು ಕೋಣೆಯೊಳಗೆ. ಕಿಟಕಿ ಚೌಕಟ್ಟಿನ ಸಂದುಗಳನ್ನು ಬೇಸಿಗೆಯಲ್ಲೇ ಮುಚ್ಚಬೇಕು, ಹುಳು ಒಳಸೇರಿದ ಮೇಲೆ ಮುಚ್ಚಿದರೆ ಪ್ರಯೋಜನವಿಲ್ಲ. ಕೀಟನಾಶಕ ಸಿಂಪಡಿಸಿದರೆ ಗೋಡೆಯ ಸಂದಿನಲ್ಲಿ ಸತ್ತ ಹುಳು ಕೊಳೆಯುತ್ತದೆ, ಇನ್ನೇನೂ ಆಗುವುದಿಲ್ಲ.

ಇದೇ ರಸದಲ್ಲಿರುವ ಮೆಥಾಕ್ಸಿಪೈರಜೀನ್ ಎಂಬ ವಾಸನೆಯ ರಾಸಾಯನಿಕ ದ್ರಾಕ್ಷಿ ಬೆಳೆಗಾರರ ತಲೆನೋವು. ಕೊಯ್ಲಿನ ವೇಳೆ ಗೊಂಚಲಲ್ಲಿ ಅಡಗಿದ ಹುಳು ದ್ರಾಕ್ಷಿಯೊಡನೆ ಅರೆದುಹೋದರೆ ವೈನ್‌ಗೆ ಹಸಿ ದಪ್ಪ ಮೆಣಸಿನಕಾಯಿಯ, ಕಡಲೆಕಾಯಿಯ ವಾಸನೆ. ಕೆನಡಾದ ಒಂಟಾರಿಯೊದ 2001ರ ವೈನ್ ಹೀಗೆ ಕೆಟ್ಟಿತ್ತು.

ಚಳಿಗಾಲದ ಗುಂಪುಗಳನ್ನು ಎಣಿಸುವಾಗ ಭೂತಗನ್ನಡಿ ಜೊತೆಗಿರಲಿ. ರೆಕ್ಕೆಯ ಮೇಲೆ ಹಳದಿ ಬೆರಳಿನಂಥ ಸಣ್ಣ ಕುಡಿಗಳು ಕಂಡರೆ ಅದು ಕೊಳೆಯಲ್ಲ, ಹೆಸ್ಪೆರೊಮೈಸಿಸ್ ಎಂಬ ಶಿಲೀಂಧ್ರ. ಮಿಲನದಲ್ಲೂ ಗುಂಪಿನಲ್ಲೂ ಮೈಗೆ ಮೈ ತಾಗಿ ಹರಡುತ್ತದೆ. ಬೇಸಿಗೆಯಲ್ಲಿ ನೋಡಬೇಕಾದದ್ದು ಕಣಜದ ಗೂಡು. ಡಿನೊಕ್ಯಾಂಪಸ್ ಎಂಬ ಕಣಜ ಬಲಿತ ಹುಳುವಿನೊಳಗೆ ಮೊಟ್ಟೆಯಿಡುತ್ತದೆ, ಮರಿ ಹೊರಬಂದು ಹುಳುವಿನ ಕಾಲುಗಳ ನಡುವೆ ರೇಷ್ಮೆಯ ಗೂಡು ಹೆಣೆಯುತ್ತದೆ. ಅರೆ ಪಾರ್ಶ್ವವಾಯು ಹೊಡೆದ ಹುಳು ಅದರ ಮೇಲೆ ಕೂತು ಆಗಾಗ ನಡುಗುತ್ತಿರುತ್ತದೆ. ಏಳು ಚುಕ್ಕೆಯದರಲ್ಲಿ ಇದು ಸಾಮಾನ್ಯ. ಹಾರ್ಲೆಕ್ವಿನ್‌ನಲ್ಲಿ ಕಣಜ ಪೂರ್ತಿ ಬೆಳೆಯುವುದು ತುಂಬ ಕಡಿಮೆ. ಅಂಥದ್ದು ಸಿಕ್ಕರೆ ಹುಳುವನ್ನು ಕೀಳಬೇಡಿ, ಎಲೆಯನ್ನೇ ಕತ್ತರಿಸಿ ಡಬ್ಬಿಗೆ ಹಾಕಿ. ಒಂದು ವಾರದ ಆಸುಪಾಸಿನಲ್ಲಿ ಕಣಜ ಹೊರಬರುತ್ತದೆ. ಅದರ ತಾರೀಖನ್ನೂ ಹುಳು ಬದುಕಿತೇ ಎಂಬುದನ್ನೂ ಬರೆದಿಡಿ.