ಬ್ರಯಾನ್ ವಿಲ್ಸನ್ ಆರಿಸಿದ ಹಾಡುಗಳೊಂದಿಗೆ ಹಾಥಾರ್ನ್‌ನಲ್ಲಿ ಒಂದು ಬೆಳಿಗ್ಗೆ

ಕ್ಯಾಲಿಫೋರ್ನಿಯಾದ ಪಾಪ್ ಸಂಗೀತ ತಂಡವಾದ ಬೀಚ್ ಬಾಯ್ಸ್ ಹಾಡುಗಳ ಸಂಕಲನಗಳನ್ನೆಲ್ಲ ಕೊಂಡಿಡಲು ಹೊರಟವರಿಗೆ ಅವುಗಳಿಗೆಂದೇ ಒಂದು ಕಪಾಟು ಬೇಕಾಗುತ್ತದೆ. ಅವುಗಳಲ್ಲಿ ಹೆಚ್ಚು ಮಾರಾಟವಾದವು ಎರಡು. 1974ರಲ್ಲಿ ಬಂದ 'ಎಂಡ್‌ಲೆಸ್ ಸಮ್ಮರ್' ಎಂಬ ಜೋಡಿ ಎಲ್‌ಪಿ, ಮಂಕಾಗಿದ್ದ ತಂಡವನ್ನು ಮತ್ತೆ ಅಮೆರಿಕದ ಆಲ್ಬಮ್ ಪಟ್ಟಿಯ ತುದಿಗೇರಿಸಿತು. 2003ರ 'ಸೌಂಡ್ಸ್ ಆಫ್ ಸಮ್ಮರ್' 30 ಜನಪ್ರಿಯ ಹಾಡುಗಳನ್ನು ಒಂದೇ ಸಿಡಿಯಲ್ಲಿ ತುಂಬಿಕೊಟ್ಟಿತು. ಎರಡರ ಹೆಸರಿನಲ್ಲೂ ಬೇಸಿಗೆಯಿದೆ, ಎರಡರಲ್ಲೂ ಕಡಲು, ಕಾರು, ಬಿಸಿಲು ಧಾರಾಳವಾಗಿವೆ. ಎರಡನೆಯದಕ್ಕೆ ಒಂದು ವರ್ಷ ಮೊದಲು, 2002ರಲ್ಲಿ, ಕ್ಯಾಪಿಟಲ್ ಎಂಬ ರೆಕಾರ್ಡ್ ಕಂಪನಿ ಹೊರತಂದ ಮತ್ತೊಂದು ಸಂಕಲನದ ಸುದ್ದಿಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಅದರ ಹೆಸರು 'ಕ್ಲಾಸಿಕ್ಸ್ ಸೆಲೆಕ್ಟೆಡ್ ಬೈ ಬ್ರಯಾನ್ ವಿಲ್ಸನ್'. ತಂಡದ ಮುಖ್ಯ ಗೀತಸಂಯೋಜಕನೇ ಕುಳಿತು ಆರಿಸಿದ ಹಾಡುಗಳು ಅದರಲ್ಲಿವೆ. ನನಗೆ ಅದು ಸಿಕ್ಕಿದ್ದು ಹಳೆಯ ಸಿಡಿಗಳನ್ನು ಮಾರುವ ಅಂಗಡಿಯೊಂದರ ಅಗ್ಗದ ಡಬ್ಬಿಯಲ್ಲಿ.

ಬ್ರಯಾನ್ ವಿಲ್ಸನ್ 2025ರ ಜೂನ್ 11ರಂದು, ಎಂಬತ್ತಮೂರು ತುಂಬಲು ಒಂಬತ್ತು ದಿನ ಬಾಕಿಯಿರುವಾಗ ತೀರಿಕೊಂಡರು. ಅದೇ ತಿಂಗಳ ಕೊನೆಯ ಭಾನುವಾರ ನಾನು ಆ ಸಿಡಿಯನ್ನು ಕಾರಿಗೆ ಹಾಕಿಕೊಂಡು, ಅವರು ಬೆಳೆದ, ಲಾಸ್ ಏಂಜಲೀಸ್ ಬಳಿಯ ಹಾಥಾರ್ನ್ ಊರಿಗೆ ಹೊರಟೆ. ನಾನಿರುವ ಟೊರನ್ಸ್‌ನಿಂದ ಅದು ದೂರವೇನಲ್ಲ; ಹಾಥಾರ್ನ್ ಬುಲೆವಾರ್ಡ್ ಹಿಡಿದು ಉತ್ತರಕ್ಕೆ ನೇರವಾಗಿ ಹೋದರೆ ಆಯಿತು. ಜೊತೆಗೆ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಬೀಚ್ ಬಾಯ್ಸ್ ಹಾಡುಗಳು ರೇಡಿಯೊದಲ್ಲಿ ಹೊಸದಾಗಿ ಬರುತ್ತಿದ್ದಾಗ ಶಾಲಾ ಹುಡುಗನಾಗಿದ್ದವರು. ಆ ಹಾಡುಗಳ ಮೇಲೆ ತಮಗೆ ಒಂದು ಬಗೆಯ ಪಿತ್ರಾರ್ಜಿತ ಹಕ್ಕಿದೆಯೆಂದು ಅವರ ನಂಬಿಕೆ, ಮೈಸೂರಿನವನಾದ ನಾನು ಅದನ್ನು ಅಲ್ಲಗಳೆಯುವಂತೆಯೂ ಇಲ್ಲ.

ಲಾಸ್ ಏಂಜಲೀಸ್ ಕರಾವಳಿಯ ಜೂನ್ ತಿಂಗಳನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಹಾಡುಗಳಲ್ಲಿ ಬರುವ ಬಿಸಿಲು ಆ ತಿಂಗಳ ಬೆಳಗಿನಲ್ಲಿ ಇಲ್ಲಿ ಇರುವುದೇ ಇಲ್ಲ. ತಣ್ಣನೆಯ ಸಮುದ್ರದ ಮೇಲಿಂದ ಬರುವ ತಗ್ಗು ಮೋಡ ಊರನ್ನೆಲ್ಲ ಮುಚ್ಚಿ, ಮಧ್ಯಾಹ್ನದವರೆಗೂ ಕದಲುವುದಿಲ್ಲ. ಇಲ್ಲಿಯ ಜನ ಅದನ್ನು 'ಜೂನ್ ಗ್ಲೂಮ್' ಎನ್ನುತ್ತಾರೆ. ಅಂದೂ ಹಾಗೆಯೇ ಇತ್ತು. ಟೈರ್ ಅಂಗಡಿ, ಟಾಕೋ ಅಂಗಡಿ, ಲಾಂಡ್ರಿಗಳ ಬೂದು ಸಾಲಿನ ನಡುವೆ ಮೊದಲ ಹಾಡು 'ಸರ್ಫರ್ ಗರ್ಲ್' ಶುರುವಾಯಿತು.

ಹೆಸರಿನಲ್ಲಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯೇರುವ ಆಟ, ಇದ್ದರೂ ಅದು ಅಲೆಯ ವೇಗದ ಹಾಡಲ್ಲ, ತೂಗುವ ಲಯದ ಪ್ರೇಮಗೀತೆ. ಅದರ ನಂತರ 'ದಿ ವಾರ್ಮ್ತ್ ಆಫ್ ದಿ ಸನ್'. 1963ರ ನವೆಂಬರ್‌ನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ದಿನಗಳ ನೆರಳು ಬಿದ್ದಿರುವ ಹಾಡು ಅದು. ಹೆಸರಿನಲ್ಲಿ ಸೂರ್ಯನ ಬಿಸಿಯಿದ್ದರೂ ಕೇಳುವವನಿಗೆ ತಟ್ಟುವುದು ಕಳೆದುಕೊಂಡವನ ಕೊರಗು. 'ಐ ಗೆಟ್ ಅರೌಂಡ್' ಬಂದಾಗ ನಮ್ಮ ಹಿರಿಯರು ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕಿದರು. 1964ರಲ್ಲಿ, ಬೀಟಲ್ಸ್ ಅಬ್ಬರದ ನಡುವೆಯೇ, ತಂಡವನ್ನು ಮೊದಲ ಬಾರಿಗೆ ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೆ ತಂದ ಹಾಡದು. ಆದರೆ ಅದೇ ಡಿಸ್ಕಿನ ಹಿಂಬದಿಯ ಹಾಡಾಗಿದ್ದ 'ಡೋಂಟ್ ವರಿ ಬೇಬಿ' ಬಂದೊಡನೆ ತಾಳ ನಿಂತಿತು. ಅದೂ ಕಾರಿನ ಹಾಡೇ. ಆದರೆ ಅದರ ಹುಡುಗ ತನ್ನ ಕಾರಿನ ಬಗ್ಗೆ ಬಡಾಯಿ ಕೊಚ್ಚಿ, ಈಗ ಪಂದ್ಯದಿಂದ ಹಿಂದೆ ಸರಿಯಲಾರದೆ ಒಳಗೊಳಗೇ ನಡುಗುತ್ತಿದ್ದಾನೆ. ಗೆಳತಿ ಅವನನ್ನು ಸಂತೈಸುತ್ತಿದ್ದಾಳೆ. ರಾನೆಟ್ಸ್ ಹಾಡಿದ 'ಬಿ ಮೈ ಬೇಬಿ'ಯನ್ನು ಕೇಳಿ ಮರುಳಾಗಿದ್ದ ಬ್ರಯಾನ್ ಅದೇ ಗುಂಗಿನಲ್ಲಿ ಇದನ್ನು ಕಟ್ಟಿದರು, ತಾವೇ ಎತ್ತರದ ದನಿಯಲ್ಲಿ ಹಾಡಿದರು.

ಇಷ್ಟು ಹೊತ್ತಿಗೆ ಹಿರಿಯರಿಗೆ ಅನುಮಾನ ಶುರುವಾಗಿತ್ತು. ಸಿಡಿಯ ಹಿಂಬದಿಯನ್ನು ಕನ್ನಡಕದ ಹತ್ತಿರ ಹಿಡಿದು, 'ಸರ್ಫಿನ್ ಯುಎಸ್ಎ' ಎಲ್ಲಿ, 'ಫನ್ ಫನ್ ಫನ್' ಎಲ್ಲಿ, 'ಹೆಲ್ಪ್ ಮಿ ರಾಂಡಾ' ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. 'ಕೊಕೊಮೊ'? ಅದೂ ಇಲ್ಲ. 1988ರ ಆ ಹಾಡಿನಲ್ಲಿ ಬ್ರಯಾನ್ ಅವರ ಕೈವಾಡವೇ ಇರಲಿಲ್ಲ, ಹಾಗಾಗಿ ಅದು ಬಿಟ್ಟುಹೋಗಿರುವುದು ಸಹಜ. 'ಸರ್ಫಿನ್ ಯುಎಸ್ಎ'ಯ ಮಟ್ಟು ಮೂಲದಲ್ಲಿ ಚಕ್ ಬೆರಿಯದು, ಅದನ್ನು ಬಿಟ್ಟದ್ದಕ್ಕೂ ಒಂದು ನ್ಯಾಯ ಕಾಣುತ್ತದೆ. ಆದರೆ 'ಹೆಲ್ಪ್ ಮಿ ರಾಂಡಾ' ಬ್ರಯಾನ್ ಅವರದೇ ಸಂಯೋಜನೆ, ಅದೂ ಒಂದನೆಯ ಸ್ಥಾನಕ್ಕೇರಿದ್ದು. ತಂಡದ ನಾಲ್ಕು ಹಾಡುಗಳು ಅಮೆರಿಕದಲ್ಲಿ ಆ ಸ್ಥಾನ ಮುಟ್ಟಿವೆ, ಅವುಗಳಲ್ಲಿ ಎರಡನ್ನು ಮಾತ್ರ ಅವರು ಉಳಿಸಿಕೊಂಡಿದ್ದಾರೆ. 'ತನ್ನ ಮಾಲನ್ನೇ ಮಾರಲು ಬಾರದ ಮನುಷ್ಯ' ಎಂದು ಹಿರಿಯರು ಗೊಣಗಿದರು.

ಊರಿನ ಉತ್ತರದ ಅಂಚಿನಲ್ಲಿ, 119ನೆಯ ಬೀದಿಯಲ್ಲಿ, ವಿಲ್ಸನ್ ಕುಟುಂಬದ ಮನೆಯಿತ್ತು. ಬ್ರಯಾನ್, ಡೆನಿಸ್, ಕಾರ್ಲ್ ಎಂಬ ಮೂವರು ಅಣ್ಣತಮ್ಮಂದಿರು ಅಲ್ಲಿ ಬೆಳೆದರು. ಸೋದರತ್ತೆಯ ಮಗ ಮೈಕ್ ಲವ್, ಗೆಳೆಯ ಅಲ್ ಜಾರ್ಡಿನ್ ಸೇರಿ 1961ರಲ್ಲಿ ತಂಡವಾಯಿತು. ಆ ಮನೆ ಈಗಿಲ್ಲ. 105ನೆಯ ಹೆದ್ದಾರಿಗೆ ದಾರಿ ಮಾಡಲು ಎಂಬತ್ತರ ದಶಕದಲ್ಲಿ ಅದನ್ನು ಕೆಡವಿದರು. ಬೀದಿ ಹೆದ್ದಾರಿಯ ಬದಿಗೆ ಹೋಗಿ ನಿಲ್ಲುವ ಕಡೆ, 2005ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ 1041ನೆಯ ಐತಿಹಾಸಿಕ ತಾಣವೆಂದು ಗುರುತಿಸಿ ನಿಲ್ಲಿಸಿದ ಇಟ್ಟಿಗೆಯ ಸ್ಮಾರಕವಿದೆ. ಅದರ ಮೇಲಿನ ಉಬ್ಬುಶಿಲ್ಪದಲ್ಲಿ ಹುಡುಗರು ಒಂದು ಸರ್ಫಿಂಗ್ ಹಲಗೆಯನ್ನು ಹಿಡಿದು ನಿಂತಿದ್ದಾರೆ. ತಂಡದಲ್ಲಿ ನಿಜವಾಗಿ ಅಲೆಯೇರಿ ಸವಾರಿ ಮಾಡುತ್ತಿದ್ದವನು ಡೆನಿಸ್ ಒಬ್ಬನೇ, ಹಾಡುಗಳನ್ನು ಬರೆದ ಬ್ರಯಾನ್ ಅಲ್ಲ. ಸ್ಮಾರಕ ಕಟ್ಟಿದವರೂ ಒಂದು ಆಯ್ಕೆ ಮಾಡಲೇಬೇಕಿತ್ತು, ಅವರು ಹಲಗೆಯನ್ನು ಆರಿಸಿಕೊಂಡರು. ಯಾರೋ ಇಟ್ಟುಹೋದ ಹೂಗಳು ಬುಡದಲ್ಲಿ ಬಾಡಿದ್ದವು.

ಕಾರನ್ನು ಅಲ್ಲಿಯೇ ನಿಲ್ಲಿಸಿ, ಬಾಗಿಲು ತೆರೆದಿಟ್ಟು 'ಇನ್ ಮೈ ರೂಮ್' ಹಾಕಿದೆ. 1963ರ ಈ ಹಾಡನ್ನು ಬ್ರಯಾನ್ ಗ್ಯಾರಿ ಅಶರ್ ಎಂಬ ಗೆಳೆಯನ ಜೊತೆಗೂಡಿ ಬರೆದರು. ಚಿಂತೆ, ಭಯಗಳನ್ನೆಲ್ಲ ಹೊರಗಿಟ್ಟು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯ ಬಗೆಗಿನ ಹಾಡು. ಅಪ್ಪ ಮರ್ರಿ ವಿಲ್ಸನ್ ಎಷ್ಟು ಬಿರುಸಿನ ಮನುಷ್ಯ ಎಂಬುದು ಎಲ್ಲ ಜೀವನಚರಿತ್ರೆಗಳಲ್ಲೂ ಇದೆ; ಮಗನ ಹಾಡುಗಳ ಹಕ್ಕುಗಳನ್ನು 1969ರಲ್ಲಿ 7 ಲಕ್ಷ ಡಾಲರಿಗೆ ಮಾರಿಬಿಟ್ಟವರೂ ಅವರೇ. ಆ ಮನೆಯ ಹುಡುಗನೊಬ್ಬನಿಗೆ ಅಂಥ ಕೋಣೆ ಏಕೆ ಬೇಕಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ತಮ್ಮಂದಿರಿಗೆ ಬ್ರಯಾನ್ ರಾತ್ರಿ ಹೊತ್ತು ಬೇರೆ ಬೇರೆ ಸ್ವರಗಳಲ್ಲಿ ಜೊತೆಗೂಡಿ ಹಾಡುವುದನ್ನು ಕಲಿಸುತ್ತಿದ್ದರಂತೆ. ಹಾಡಿನ ಆರಂಭವನ್ನು ಅದೇ ಮೂವರು ಸೇರಿ ಹಾಡಿದ್ದಾರೆ. ನಾನು ಆ ಮೊದಲ ಸಾಲುಗಳನ್ನು ಎರಡು ಬಾರಿ ಹಾಕಿದೆ, ಏಕೆಂದರೆ ಮೊದಲ ಬಾರಿಗೆ ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಒಂದು ದನಿಯ ಮೇಲೆ ಇನ್ನೊಂದು ಬಂದು ಕೂರುವುದು ಕೇಳಲಿಲ್ಲ. ಎರಡನೆಯ ಬಾರಿ ಕೇಳಿತು. ಆ ಮಲಗುವ ಕೋಣೆಯಿದ್ದ ಜಾಗದ ಪಕ್ಕದಲ್ಲೇ ಈಗ ಲಾರಿಗಳು ಓಡುತ್ತಿವೆ. ಹಿರಿಯರು ಸ್ಮಾರಕದ ಫಲಕವನ್ನು ಪೂರ್ತಿ ಓದಿ ಬಂದು, 'ಮನೆಯನ್ನು ಕೆಡವಿ ಹಲಗೆ ನೆಟ್ಟಿದ್ದಾರೆ' ಎಂದರು.

ಅಲ್ಲಿಂದ ದಕ್ಷಿಣಕ್ಕೆ ಬಂದು ರೋಸ್‌ಕ್ರಾನ್ಸ್ ಅವೆನ್ಯೂ ಹಿಡಿದೆವು; ಅದು ಪಡುವಣಕ್ಕೆ ನೆಟ್ಟಗೆ ಸಮುದ್ರದವರೆಗೆ ಹೋಗುತ್ತದೆ. 'ಕ್ಯಾಲಿಫೋರ್ನಿಯಾ ಗರ್ಲ್ಸ್' ಹಿರಿಯರ ಮುನಿಸನ್ನು ಸ್ವಲ್ಪ ತಗ್ಗಿಸಿತು. ನನ್ನ ಮಟ್ಟಿಗೆ ಆ ಹಾಡಿನ ಸತ್ವವೆಲ್ಲ ಮಾತು ಶುರುವಾಗುವ ಮುನ್ನ ಬರುವ ವಾದ್ಯಗಳ ಪೀಠಿಕೆಯಲ್ಲಿದೆ. ಅದು ಇನ್ನಾವುದೋ ಗಂಭೀರ ಕೃತಿಗೆ ಬರೆದಂತಿದೆ, ಹಾಡು ಅದರ ಮುಂದೆ ತೀರ ಸಾಧಾರಣ. 1964ರ ಡಿಸೆಂಬರಿನಲ್ಲಿ ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಗಾಬರಿಯಿಂದ ಕುಸಿದುಹೋದ ಮೇಲೆ ಬ್ರಯಾನ್ ತಂಡದ ಜೊತೆ ಊರೂರು ತಿರುಗುವುದನ್ನು ನಿಲ್ಲಿಸಿದರು. ಉಳಿದವರು ವೇದಿಕೆಗಳಲ್ಲಿ ಹಾಡುತ್ತಿದ್ದಾಗ ಅವರು ಸ್ಟುಡಿಯೊದಲ್ಲಿ ಹಾಲ್ ಬ್ಲೇನ್, ಕ್ಯಾರಲ್ ಕೇ ಮುಂತಾದ ನುರಿತ ವಾದಕರನ್ನು ಕೂರಿಸಿಕೊಂಡು ಕೆಲಸ ಮಾಡಿದರು. ಬಲಗಿವಿ ಬಹುತೇಕ ಕೇಳಿಸದ ಮನುಷ್ಯ ಅಷ್ಟೊಂದು ವಾದ್ಯಗಳನ್ನು ಒಂದೇ ಕಿವಿಯಲ್ಲಿ ತೂಗಿ ನೋಡುತ್ತಿದ್ದರೆಂಬುದು ನನಗೆ ಇಂದಿಗೂ ಅರಗದ ಸಂಗತಿ.

ಆ ಕೆಲಸದ ಫಲವಾದ 1966ರ 'ಪೆಟ್ ಸೌಂಡ್ಸ್' ಆಲ್ಬಮ್ಮಿನಿಂದ 'ಕ್ಯಾರೊಲೈನ್ ನೋ' ಮತ್ತು 'ಗಾಡ್ ಓನ್ಲಿ ನೋಸ್' ಈ ಸಂಕಲನದಲ್ಲಿವೆ. ಎರಡನೆಯದರ ಕೊನೆಯ ಭಾಗವನ್ನು ಕಿವಿಗೊಟ್ಟು ಕೇಳಬೇಕು. ಒಂದೇ ಸಾಲನ್ನು ಬೇರೆ ಬೇರೆ ದನಿಗಳು ಒಂದರ ಹಿಂದೆ ಒಂದು ಎತ್ತಿಕೊಳ್ಳುತ್ತವೆ, ಮೊದಲನೆಯದು ಮುಗಿಯುವ ಮುನ್ನ ಎರಡನೆಯದು ಬಂದಿರುತ್ತದೆ, ಹೀಗೆ ಸುತ್ತುತ್ತ ಸುತ್ತುತ್ತ ಹಾಡು ಮುಗಿಯದೆಯೇ ಕ್ಷೀಣವಾಗುತ್ತ ಹೋಗುತ್ತದೆ. ಈ ಹಾಡನ್ನು ಬ್ರಯಾನ್ ತಾವು ಹಾಡದೆ ತಮ್ಮ ಕಾರ್ಲ್‌ಗೆ ಕೊಟ್ಟರು. ಸಂಕಲನದ ಉಳಿದ ಹಾಡುಗಳನ್ನು ಹೀಗೆಯೇ ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ: 'ಗುಡ್ ವೈಬ್ರೇಷನ್ಸ್' ಕಾರ್ಲ್‌ನದು, 'ದಿಸ್ ಹೋಲ್ ವರ್ಲ್ಡ್' ಕಾರ್ಲ್‌ನದು, 'ಸೇಲ್ ಆನ್ ಸೇಲರ್' ದಕ್ಷಿಣ ಆಫ್ರಿಕಾದಿಂದ ಬಂದು ತಂಡ ಸೇರಿದ ಬ್ಲಾಂಡಿ ಚಾಪ್ಲಿನ್‌ನದು. ತನ್ನ ಅತ್ಯುತ್ತಮ ಹಾಡುಗಳನ್ನು ಆರಿಸಲು ಕುಳಿತವನು ತನ್ನ ದನಿಯನ್ನು ಹುಡುಕಿಕೊಂಡು ಹೋಗಿಲ್ಲ. ಜನಪ್ರಿಯತೆಯನ್ನೂ ಅಲ್ಲ, ಗಾಯನವನ್ನೂ ಅಲ್ಲ, ಸಂಯೋಜನೆ ತನ್ನ ಮನಸ್ಸಿನಲ್ಲಿದ್ದಂತೆ ಮೂಡಿತೇ ಎಂಬುದನ್ನು ಮಾತ್ರ ಅಳತೆಗೋಲಾಗಿ ಇಟ್ಟುಕೊಂಡಂತೆ ಕಾಣುತ್ತದೆ. 'ದಿಸ್ ಹೋಲ್ ವರ್ಲ್ಡ್' ಎರಡು ನಿಮಿಷವೂ ಇಲ್ಲದ, ಯಾರಿಗೂ ಹೆಚ್ಚು ಗೊತ್ತಿಲ್ಲದ 1970ರ ಹಾಡು. ಅಷ್ಟರೊಳಗೆ ಅದು ಶ್ರುತಿಯಿಂದ ಶ್ರುತಿಗೆ ಜಾರಿ, ಹೇಗೋ ಹೊರಟ ಜಾಗಕ್ಕೇ ಬಂದು ಮುಟ್ಟುತ್ತದೆ. ಕಂಪನಿಯವರು ಕಟ್ಟಿದ ಪಟ್ಟಿಯಲ್ಲಿ ಅದಕ್ಕೆಲ್ಲಿ ಜಾಗ?

'ಸರ್ಫ್ಸ್ ಅಪ್' ಎಂಬ ಹೆಸರು ಪರದೆಯ ಮೇಲೆ ಮೂಡಿದಾಗ ಹಿರಿಯರು ನೆಟ್ಟಗೆ ಕುಳಿತು, 'ಕೊನೆಗೂ ಬಂತು' ಎಂದರು. ಬಂದದ್ದು ಬೇರೆಯೇ. ವ್ಯಾನ್ ಡೈಕ್ ಪಾರ್ಕ್ಸ್ ಬರೆದ ಒಗಟಿನಂಥ ಮಾತುಗಳ ಆ ಹಾಡಿನಲ್ಲಿ ಸಂಗೀತ ಸಭೆ, ಅಳಿದುಹೋಗುತ್ತಿರುವ ಒಂದು ನಾಗರಿಕತೆ, ಕೊನೆಗೆ ಮಕ್ಕಳ ಹಾಡು ಬರುತ್ತವೆಯೇ ಹೊರತು ಸರ್ಫಿಂಗ್ ಇಲ್ಲ. 1967ರಲ್ಲಿ ಶಾಸ್ತ್ರೀಯ ಸಂಗೀತದ ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್ ನಡೆಸಿಕೊಟ್ಟ ಟಿವಿ ಕಾರ್ಯಕ್ರಮದಲ್ಲಿ ಬ್ರಯಾನ್ ಒಬ್ಬರೇ ಪಿಯಾನೊ ಮುಂದೆ ಕುಳಿತು ಇದನ್ನು ಹಾಡಿದ್ದರು. ಅದೇ ವರ್ಷ, ಈ ಹಾಡು ಸೇರಬೇಕಿದ್ದ 'ಸ್ಮೈಲ್' ಎಂಬ ಆಲ್ಬಮ್ಮನ್ನೇ ಅರ್ಧಕ್ಕೆ ಕೈಬಿಟ್ಟರು. ಹಾಡು 1971ರಲ್ಲಿ ಹೊರಬಂತು, 'ಸ್ಮೈಲ್' ಅವರ ಕೈಯಲ್ಲಿ ಪೂರ್ಣಗೊಳ್ಳಲು 2004 ಆಗಬೇಕಾಯಿತು. ಹಿರಿಯರು ಹಾಡು ಮುಗಿಯುವವರೆಗೂ ಮಾತಾಡದೆ, ಆಮೇಲೆ 'ಇದನ್ನು ನಾನು ಕೇಳಿಯೇ ಇರಲಿಲ್ಲ' ಎಂದರು. ಅದಕ್ಕಿಂತ ಅವರಿಗೆ ಹಿಡಿಸಿದ್ದು 'ಬಿಸಿ ಡೂಯಿನ್ ನಥಿಂಗ್'. ಬೊಸ್ಸಾ ನೋವಾ ಎಂಬ ಬ್ರೆಜಿಲ್ ಸಂಗೀತದ ಲಯವಿರುವ ಈ ಹಾಡಿನಲ್ಲಿ ಬ್ರಯಾನ್ ತಮ್ಮ ಮನೆಗೆ ಬರುವ ದಾರಿಯನ್ನು ಹೇಳುತ್ತಾರೆ, ಮರೆತುಹೋದ ಫೋನ್ ನಂಬರನ್ನು ನೆನಪಿಸಿಕೊಳ್ಳಲು ಹೆಣಗುತ್ತಾರೆ. ಬೀದಿಯ ಹೆಸರು ಹೇಳದೆ ಈ ಊರಿನಲ್ಲಿ ದಾರಿ ಹೇಳುವವನು ಎಂಥವನು ಎಂದು ಹಿರಿಯರು ನಕ್ಕರು.

ಎಲ್ಲ ಆಯ್ಕೆಯನ್ನೂ ನಾನು ಒಪ್ಪುವುದಿಲ್ಲ. 'ಮಾರ್ಸೆಲ್ಲಾ' ಇಲ್ಲಿರಲು ಕಾರಣವೇ ತೋರುವುದಿಲ್ಲ. ಡೆನಿಸ್ ಬರೆದ ಒಂದು ಹಾಡೂ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕೊರತೆ. ಅವನ 'ಫಾರೆವರ್' ತಂಡದ ಯಾವ ಶ್ರೇಷ್ಠ ಹಾಡಿಗೂ ಕಡಿಮೆಯದಲ್ಲ. ಕಡಲಿನ ಹುಡುಗನಾದ ಅವನು 1983ರಲ್ಲಿ ಮರೀನಾ ಡೆಲ್ ರೇ ಬಂದರಿನ ನೀರಿನಲ್ಲಿಯೇ ಮುಳುಗಿ ಹೋದ.

ಎಲ್ ಪೋರ್ಟೊ ಕಡಲತೀರದ ಬಳಿ ರಸ್ತೆ ಮುಗಿದು, ಮೋಡದ ಕೆಳಗೆ ಸೀಸದ ಬಣ್ಣದ ಸಮುದ್ರ ಕಾಣುವಾಗ 'ಟಿಲ್ ಐ ಡೈ' ಬಂತು. ಮಾತು, ಮಟ್ಟು ಎರಡನ್ನೂ ಬ್ರಯಾನ್ ಒಬ್ಬರೇ ಬರೆದ 1971ರ ಹಾಡು. ಇಡೀ ಸಂಕಲನದಲ್ಲಿ ನನ್ನ ಮಟ್ಟಿಗೆ ನಿಜವಾದ ಸಮುದ್ರಗೀತೆ ಇದೊಂದೇ. ಇಲ್ಲಿ ಕಡಲು ಆಟದ ಬಯಲಲ್ಲ. ಅದರ ಮೇಲೆ ತೇಲುವವನು ಎಷ್ಟು ಸಣ್ಣವನೆಂದು ತೋರಿಸಲು ಬಂದದ್ದು. ಆರ್ಗನ್ನಿನ ದೀರ್ಘ ನಾದದ ಮೇಲೆ ದನಿಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಹೊಯ್ದಾಡುತ್ತವೆ. ಬಿಸಿಲಿನ ಹಾಡುಗಳನ್ನು ಕೈಬಿಟ್ಟು ಇಂಥದ್ದನ್ನು ಉಳಿಸಿಕೊಂಡ ಕಾರಣಕ್ಕೇ ಈ ಸಂಕಲನ ಉಳಿದೆರಡಕ್ಕಿಂತ ಮೇಲೆಂದು ನಾನು ಹೇಳಿದೆ. ಆದರೆ ಹದಿನಾಲ್ಕರ ಹುಡುಗನಾಗಿ ತಾನು ಕೇಳಿದ ಬೇಸಿಗೆಯೂ ಸುಳ್ಳಲ್ಲ, ಅದನ್ನು ಬರೆದವನೂ ಇವನೇ ಎಂದು ಹಿರಿಯರು ಪಟ್ಟು ಹಿಡಿದರು, ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ಕೊನೆಯ ಹಾಡು 'ಕ್ಯಾಲಿಫೋರ್ನಿಯಾ ಫೀಲಿನ್'. ಎಪ್ಪತ್ತರ ದಶಕದಲ್ಲಿ ಕವಿ ಸ್ಟೀಫನ್ ಕ್ಯಾಲಿನಿಚ್ ಜೊತೆ ಬರೆದು ಮೂಲೆಗೆ ಬಿದ್ದಿದ್ದ ಅದನ್ನು ಬ್ರಯಾನ್ ಈ ಸಂಕಲನಕ್ಕಾಗಿ ಹೊಸದಾಗಿ ಹಾಡಿದರು. ದನಿ ಒರಟಾಗಿದೆ, ಎತ್ತರದ ಸ್ವರಗಳಿಗೆ ಹಳೆಯ ಹಗುರತೆಯಿಲ್ಲ, ವಾದ್ಯಗಳಲ್ಲಿ ಹೊಸ ಕಾಲದ ನುಣುಪು ಹೆಚ್ಚು. ಇದನ್ನು ಸೇರಿಸದೆ 'ಟಿಲ್ ಐ ಡೈ'ಗೇ ಮುಗಿಸಬೇಕಿತ್ತೆಂದು ನನ್ನ ವಾದ. ಹಿರಿಯರಿಗೆ ಇಡೀ ಡಿಸ್ಕಿನಲ್ಲಿ ಅದೇ ಇಷ್ಟವಾಯಿತು. ಇನ್ನೊಮ್ಮೆ ಹಾಕು ಎಂದರು. ಪಾರ್ಕಿಂಗ್ ಮೀಟರಿಗೆ ಮತ್ತಷ್ಟು ಚಿಲ್ಲರೆ ಹಾಕಿ ಬಂದು, ಹಾಕಿದೆ.