‘ನಾನ್ಯಾರು ಹೇಳಿ ನೋಡೋಣ?’

ಬ್ರಿಟಿಷ್ ನಟಿ ಪ್ರುನೆಲ್ಲಾ ಸ್ಕೇಲ್ಸ್ ತೀರಿಕೊಂಡ ಸುದ್ದಿಯಲ್ಲಿದ್ದ ಒಂದು ಸಾಲು ಈ ವಾರವೆಲ್ಲ ನನ್ನ ಬೆನ್ನು ಬಿಟ್ಟಿಲ್ಲ. 2025ರ ಅಕ್ಟೋಬರ್ 27ರಂದು, 93ನೇ ವಯಸ್ಸಿನಲ್ಲಿ, ಲಂಡನ್ನಿನ ತಮ್ಮ ಮನೆಯಲ್ಲೇ ಹೋದರು. ವರ್ಷಗಳಿಂದ ಮರೆವಿನ ಕಾಯಿಲೆಯಿದ್ದ ಅಮ್ಮ ಅದರ ಹಿಂದಿನ ದಿನ ‘ಫಾಲ್ಟಿ ಟವರ್ಸ್’ ನೋಡುತ್ತಿದ್ದರು ಅಂತ ಮಕ್ಕಳು ಹೇಳಿದ್ದಾರೆ. ಐವತ್ತು ವರ್ಷದ ಹಿಂದೆ ತಾವೇ ಸಿಬಿಲ್ ಆಗಿ ನಟಿಸಿದ್ದ ಹಾಸ್ಯ ಧಾರಾವಾಹಿ ಅದು.

ಸುದ್ದಿ ಓದಿ ಹೇಳಿದಾಗ ಮನೆಯಲ್ಲಿ ಬಂದ ಮೊದಲ ಮಾತು: ‘ಅದು ತಾನೇ ಅಂತ ಅವರಿಗೆ ಗೊತ್ತಾಗಿರುತ್ತಾ?’

ನನಗೆ ಸಿಟ್ಟು ಬಂತು. ಆ ಸಿಟ್ಟು ಅವತ್ತಿನದಲ್ಲ, ದೀಪಾವಳಿಯದು. ಬಲಿಪಾಡ್ಯಮಿಯ ದಿನ ಎಲ್ಲರೂ ದೊಡ್ಡಮ್ಮನ ಮನೆಯಲ್ಲಿ ಸೇರಿದ್ದೆವು. ದೊಡ್ಡಮ್ಮನಿಗೂ ಈಗ ಮರೆವು. ನೆಂಟರೊಬ್ಬರು ಬಂದವರೇ ದೊಡ್ಡಮ್ಮನ ಮುಖದ ಹತ್ತಿರ ಬಗ್ಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಕೂಗಿದರು: ‘ನಾನ್ಯಾರು ಹೇಳಿ ನೋಡೋಣ?’ ದೊಡ್ಡಮ್ಮನ ಕಿವಿ ಚೆನ್ನಾಗಿಯೇ ಕೇಳುತ್ತದೆ. ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಅವರ ಕೈ ಹಿಡಿದುಕೊಂಡು, ‘ಗೊತ್ತಿಲ್ಲದೆ ಏನಪ್ಪಾ! ಊಟ ಆಯ್ತಾ? ಮನೇಲಿ ಎಲ್ಲ ಚೆನ್ನಾಗಿದ್ದಾರಾ?’ ಅಂದರು. ಎಷ್ಟು ಚೆಂದದ ಉತ್ತರ! ಅಲ್ಲಿಗೆ ಬಿಡಬಹುದಿತ್ತು. ಈ ಮನುಷ್ಯ ಬಿಡಲಿಲ್ಲ. ‘ಅದೆಲ್ಲ ಇರ್ಲಿ, ನನ್ನ ಹೆಸರು ಹೇಳಿ.’ ಸುತ್ತ ಕೂತವರು ನಕ್ಕರು. ದೊಡ್ಡಮ್ಮ ಸೆರಗಿನ ತುದಿಯನ್ನು ಮಡಚಿ ಬಿಚ್ಚಿ, ಮತ್ತೆ ಮಡಚುತ್ತಾ ಕೂತರು. ಒಳ್ಳೆಯವರೇ, ಕೆಟ್ಟ ಉದ್ದೇಶವಿಲ್ಲ ಅಂತ ಎಲ್ಲರೂ ಅವರ ಪರ ಹೇಳುತ್ತಾರೆ. ಒಳ್ಳೆಯವರಿಗೆ ಎದುರಿನವರ ಬೆರಳು ನಡುಗುವುದು ಕಾಣಬೇಡವೇ?

ಪ್ರುನೆಲ್ಲಾ ಅವರನ್ನು ನಾನು ಮೊದಲು ಸಿಬಿಲ್ ಆಗಿ ನೋಡಿದವಳು. ಟಾರ್ಕೀ ಊರಿನ ಹೋಟೆಲ್, ಎತ್ತರದ ತಲೆಗೂದಲು, ಫೋನಿನಲ್ಲಿ ಮುಗಿಯದ ಹರಟೆ, ‘ಬ್ಯಾಸಿಲ್!’ ಅನ್ನುವ ಒಂದೇ ಕೂಗಿಗೆ ಗಂಡನ ಪಾತ್ರದ ಜಾನ್ ಕ್ಲೀಸ್‌ನಂಥ ಉದ್ದನೆಯ ಮನುಷ್ಯ ಕುಗ್ಗಿಹೋಗುವುದು. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತು. ಪಾತ್ರ ಒಪ್ಪಿಕೊಳ್ಳುವಾಗ ಈಕೆ ಕ್ಲೀಸ್‌ಗೆ ಕೇಳಿದ್ದು, ಸಿಬಿಲ್, ಬ್ಯಾಸಿಲ್ ಇಬ್ಬರೂ ಮದುವೆಯಾಗಿದ್ದಾದರೂ ಯಾಕೆ ಅಂತ. ಬರೆದವನ ಹತ್ತಿರವೇ ಸರಿಯಾದ ಉತ್ತರವಿರಲಿಲ್ಲ. ಸಿಬಿಲ್ ಎಂಥ ಮನೆಯವಳು, ಇವನಲ್ಲಿ ಏನು ಕಂಡು ಮರುಳಾದಳು ಅಂತ ಈಕೆಯೇ ಕಟ್ಟಿಕೊಂಡರು. ಬರೀ ಬಾಯಿಬಡುಕಿ ಹೆಂಡತಿಯಾಗಿ ಉಳಿಯಬಹುದಾಗಿದ್ದ ಸಿಬಿಲ್‌ಗೆ ಒಂದು ತವರು ಹುಟ್ಟಿದ್ದು ಹೀಗೆ. ವಿಕ್ಟೋರಿಯಾ ರಾಣಿಯ ಮೇಲಿನ ಏಕವ್ಯಕ್ತಿ ಪ್ರಯೋಗವನ್ನು ನಾನ್ನೂರಕ್ಕೂ ಹೆಚ್ಚು ಸಲ ಮಾಡಿದವರು. ಅಷ್ಟೆಲ್ಲ ಮಾತು ಬಾಯಿಪಾಠವಾಗಿದ್ದ ಹೆಂಗಸು.

ಅಂಥವರಿಗೆ ಮರೆವು ಬಂತು. ಗಂಡ ಟಿಮೊಥಿ ವೆಸ್ಟ್, ಅವರೂ ದೊಡ್ಡ ನಟ, ರಂಗದ ಮೇಲೆ ಹೆಂಡತಿ ಮಾತಿಗಾಗಿ ತಡವರಿಸಿದ್ದನ್ನು ಪ್ರೇಕ್ಷಕರ ನಡುವೆ ಕೂತು ಗಮನಿಸಿದ್ದರಂತೆ, ಎಷ್ಟೋ ವರ್ಷ ಮೊದಲೇ. 2013ರಲ್ಲಿ ಡಿಮೆನ್ಷಿಯಾ ಅಂತ ವೈದ್ಯರು ಖಚಿತಪಡಿಸಿದರು. ನಮ್ಮಲ್ಲಾದರೆ ಅಲ್ಲಿಂದ ಬಾಗಿಲು ಹಾಕಿಕೊಳ್ಳುತ್ತದೆ. ಮದುವೆ ಮುಂಜಿಗೆ ಕರೆದುಕೊಂಡು ಹೋಗುವುದು ನಿಲ್ಲುತ್ತದೆ. ಈ ದಂಪತಿ ಮರುವರ್ಷ ಕ್ಯಾಮೆರಾ ಕರೆದುಕೊಂಡು ದೋಣಿ ಹತ್ತಿದರು. ಬ್ರಿಟನ್ನಿನ ಚಾನೆಲ್ 4 ಟಿವಿಯಲ್ಲಿ ಇಬ್ಬರೂ ಕಾಲುವೆಗಳಲ್ಲಿ ದೋಣಿಯಲ್ಲಿ ಸುತ್ತುವ ಕಾರ್ಯಕ್ರಮ ‘ಗ್ರೇಟ್ ಕೆನಾಲ್ ಜರ್ನೀಸ್’ ಶುರುವಾದದ್ದು 2014ರಲ್ಲಿ, ರೀಡಿಂಗ್‌ನಿಂದ ಬ್ರಿಸ್ಟಲ್ ಕಡೆಗೆ ಹೋಗುವ ಕೆನೆಟ್ ಅಂಡ್ ಏವನ್ ಕಾಲುವೆಯಿಂದ.

ಸುದ್ದಿ ಬಂದ ರಾತ್ರಿ ಆ ಕಂತುಗಳನ್ನು ಹುಡುಕಿ ಕೂತೆ. ಆ ಕಾಲುವೆಗಳಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಎರಡು ಕಡೆ ಗೇಟು. ಒಂದು ಗೇಟು ಮುಚ್ಚಿ, ನೀರು ಸಮಕ್ಕೆ ಬರುವವರೆಗೆ ಕಾದು, ಇನ್ನೊಂದನ್ನು ತೆರೆಯಬೇಕು. ಗೇಟಿಗೆ ಜೋಡಿಸಿದ ಮರದ ದೊಡ್ಡ ತೊಲೆಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಒತ್ತಿ, ಹಿಂದಕ್ಕೆ ನೂಕುವುದು. ಎಂಬತ್ತು ದಾಟಿದ ಪ್ರೂ, ಅಂದರೆ ಪ್ರುನೆಲ್ಲಾ, ಅದನ್ನು ಮಾಡುತ್ತಾರೆ! ಗಂಡ ದೋಣಿ ನಡೆಸುತ್ತಾ ಕಾಯುತ್ತಿರುತ್ತಾರೆ. ದಶಕಗಳಿಂದ ಮಾಡಿದ ಕೆಲಸ, ಮೈಗೆ ಗೊತ್ತಿದೆ.

ಟಿಮೊಥಿ ಅಲ್ಲಿ ಒಂದು ಮಾತು ಹೇಳುತ್ತಾರೆ. ಅವಳಿಗೆ ನೆನಪು ಅಷ್ಟಾಗಿ ಉಳಿಯುವುದಿಲ್ಲ, ಆದರೆ ಕಾಲುವೆಯ ಮೇಲೆ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಎದುರಿಗೆ ಬಂದದ್ದನ್ನು ಬಂದ ಹಾಗೆ ಅನುಭವಿಸಿದರೆ ಸಾಕು ಅನ್ನುವ ಅರ್ಥದ್ದು. ಆ ಭಾಗವನ್ನು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದೆ. ಪ್ರತಿ ಸಲವೂ ನನಗೆ ಕೇಳಿಸಿದ್ದು ಇನ್ನೊಂದು ದನಿ: ‘ಅದೆಲ್ಲ ಇರ್ಲಿ, ನನ್ನ ಹೆಸರು ಹೇಳಿ.’

ದೊಡ್ಡಮ್ಮನಿಗೆ ಹೆಸರು ಹೋಗಿರಬಹುದು. ಬಂದವರಿಗೆ ಊಟ ಆಯಿತೇ ಅಂತ ಕೇಳಬೇಕೆನ್ನುವುದು ಹೋಗಿಲ್ಲ. ಬಂದವನು ತನ್ನವನೇ ಅನ್ನುವ ನಂಬಿಕೆ ಹೋಗಿಲ್ಲ. ನನ್ನ ಪ್ರಕಾರ ಅವರು ಆ ನೆಂಟರನ್ನು ಪೂರ್ತಿ ಗುರುತಿಸಿದ್ದರು. ಕೈ ಹಿಡಿದದ್ದೇ ಗುರುತು. ಹಾಗೆಯೇ ಪ್ರುನೆಲ್ಲಾ ಸೋಫಾದ ಮೇಲೆ ಕೂತು ಸಿಬಿಲ್‌ಳನ್ನು ನೋಡಿ ನಕ್ಕಿದ್ದರೆ, ಆ ಹೆಂಗಸು ಯಾರೆಂದು ಆಕೆಗೆ ಗೊತ್ತಿತ್ತೇ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ. ಟಿಮೊಥಿ 2024ರ ನವೆಂಬರಿನಲ್ಲೇ ತೀರಿಕೊಂಡಿದ್ದರು. ಅರವತ್ತೊಂದು ವರ್ಷದ ಸಂಸಾರ. ಅವರಿಲ್ಲದ ಆ ಮನೆಯಲ್ಲೂ ಪ್ರೂ ಕೊನೆಯವರೆಗೆ ಮನೆಯಲ್ಲೇ ಇರುವ ಹಾಗೆ ನೋಡಿಕೊಂಡವರಿದ್ದರಲ್ಲ, ಅವರಿಗೆ ನನ್ನ ನಮಸ್ಕಾರ.

ನಿನ್ನೆ ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಇನ್ಮೇಲೆ ಯಾರೇ ಬಂದರೂ ಬಾಗಿಲಲ್ಲೇ ಹೇಳಿಬಿಡು ಅಕ್ಕ, ಹೆಸರು ಕೇಳಬೇಡಿ, ನಿಮ್ಮ ಹೆಸರು ನೀವೇ ಹೇಳಿ ಕೂತ್ಕೊಳ್ಳಿ ಅಂತ.’

‘ಬಂದ ದೊಡ್ಡವರಿಗೆಲ್ಲ ಹಾಗೆ ಹೇಳಕ್ಕಾಗುತ್ತೇನೆ? ಬೇಜಾರು ಮಾಡ್ಕೊಳ್ತಾರೆ.’

‘ಮಾಡ್ಕೊಳ್ಳಲಿ’ ಅಂದೆ. ‘ನಿನಗೆ ಹೇಳಕ್ಕಾಗದಿದ್ರೆ ತುಳಸಿ ಹಬ್ಬಕ್ಕೆ ನಾನೇ ಬಂದು ಬಾಗಿಲಲ್ಲಿ ನಿಂತ್ಕೊಳ್ತೀನಿ.’