ಜೋಡ್ ಕುಟುಂಬ ತಂಗಿದ ಜಾಗ

ಕ್ಯಾಲಿಫೋರ್ನಿಯಾದ ಸಲಿನಾಸ್‌ಗೆ ಹೋಗೋಣ ಅಂದಾಗ ಮಗಳು ತಕ್ಷಣ ಒಪ್ಪಿದಳು. ಅಲ್ಲಿಂದ ವೀಡ್‌ಪ್ಯಾಚ್‌ಗೂ ಹೋಗಬೇಕು ಅಂದಾಗ ಫೋನಿನಲ್ಲಿ ನಕ್ಷೆ ತೆಗೆದು ನೋಡಿ, "ಅಪ್ಪಾ, ಅಲ್ಲಿ ಹೊಲ ಬಿಟ್ರ ಏನೂ ಇಲ್ಲಲ್ಲ" ಅಂದಳು.

"ಆ ಹೊಲಾನ ನೋಡಬೇಕವ್ವಾ" ಅಂದೆ.

ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ಕರ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರಾತ್’ ಓದಿದ್ದು ಧಾರವಾಡದ ಹಾಸ್ಟೆಲ್ಲಿನಲ್ಲಿ. ಓಕ್ಲಹೋಮಾದ ಧೂಳಿಗೆ ಬೆಳೆ ಹೋಗಿ, ಬ್ಯಾಂಕಿಗೆ ಹೊಲ ಹೋಗಿ, ಹಳೇ ಹಡ್ಸನ್ ಗಾಡಿಯ ಮೇಲೆ ಹಾಸಿಗೆ, ಪಾತ್ರೆ, ಮುದುಕರು, ಮಕ್ಕಳನ್ನೆಲ್ಲ ಹೇರಿಕೊಂಡು ಕ್ಯಾಲಿಫೋರ್ನಿಯಾ ಕಡೆ ಹೊರಟ ಜೋಡ್ ಕುಟುಂಬದ ಕಥೆ ಅದು. ಹಣ್ಣು ಬಿಡಿಸುವ ಕೆಲಸ ಬೇಕಾದಷ್ಟಿದೆ ಎಂಬ ಒಂದು ಕರಪತ್ರ ನಂಬಿ ಹೊರಟವರು. ನಾನು ರಾಯಚೂರು ಸೀಮೆಯವನು. ಮಳೆ ಕೈಕೊಟ್ಟ ವರ್ಷ ಬಾಗಿಲಿಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು ಗುಳೆ ಹೋಗುವವರನ್ನು ಕಂಡವನು. ಹಾಗಾಗಿ ಆ ಪುಸ್ತಕ ನನಗೆ ಪರದೇಶದ್ದು ಅನ್ನಿಸಲೇ ಇಲ್ಲ. ಮುಂದೆ ಮೇಷ್ಟರಾದ ಮೇಲೆ ದೀಪಾವಳಿ ಮುಗಿದ ಕೂಡಲೇ ಹಿಂದಿನ ಬೆಂಚುಗಳು ಖಾಲಿಯಾಗುವುದನ್ನು ನೋಡಿದಾಗಲೆಲ್ಲ ಆ ಹಡ್ಸನ್ ಗಾಡಿ ಕಣ್ಣ ಮುಂದೆ ಬರುತ್ತಿತ್ತು.

ಸ್ಯಾನ್ ಹೋಸೆಯಿಂದ ಬೆಳಿಗ್ಗೆ ಆರಕ್ಕೇ ಹೊರಟೆವು. ಗಿಲ್ರಾಯ್ ಬಂದಾಗ ಕಿಟಕಿ ಇಳಿಸಿದರೆ ಗಾಳಿಯಲ್ಲೆಲ್ಲ ಬೆಳ್ಳುಳ್ಳಿ. ಸಲಿನಾಸ್ ಕಣಿವೆಗೆ ಇಳಿದರೆ ಮಂಜು, ಮಂಜಿನೊಳಗೆ ಲೆಟ್ಯೂಸ್ ಸೊಪ್ಪಿನ ಸಾಲುಗಳು, ಕೊನೆಯೇ ಕಾಣುವುದಿಲ್ಲ. ಒಂದು ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಇಪ್ಪತ್ತು ಜನರಿರಬಹುದು, ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ಸೊಂಟ ಬಗ್ಗಿಸಿಯೇ ಮುಂದೆ ಹೋಗುತ್ತಿದ್ದರು. ಎಡಗೈಯಲ್ಲಿ ಗೆಡ್ಡೆ ಹಿಡಿದು, ಬಲಗೈ ಚೂರಿಯಿಂದ ಬುಡ ಕತ್ತರಿಸಿ, ಮೇಲಿನ ನಾಲ್ಕು ಎಲೆ ಕಿತ್ತೆಸೆದು, ಹಿಂದೆ ನಿಧಾನವಾಗಿ ಉರುಳುವ ಗಾಡಿಯ ಹಲಗೆಗೆ ಇಡುತ್ತಾರೆ. ಮೂರು ಎಣಿಸುವಷ್ಟರಲ್ಲಿ ಒಂದು ಮುಗಿಯುತ್ತದೆ. ಗಿಡ್ಡ ಹಿಡಿಕೆಯ ಗುದ್ದಲಿ ಕೊಟ್ಟು ಇಡೀ ದಿನ ಬಗ್ಗಿಸಿಯೇ ದುಡಿಸುವ ಪದ್ಧತಿ ಈ ಕಣಿವೆಯಲ್ಲಿತ್ತು; ಸಾವಿರಾರು ಬೆನ್ನುಗಳು ಹಾಳಾದ ಮೇಲೆ 1975ರಲ್ಲಿ ಅದನ್ನು ನಿಷೇಧಿಸಿದರು. ಬದುವಿನ ಮೇಲೆ ಚಕ್ರದ ಗಾಡಿಯೊಂದರಲ್ಲಿ ಎರಡು ಶೌಚಾಲಯ, ಪಕ್ಕದಲ್ಲಿ ಕೈ ತೊಳೆಯಲು ನೀರಿನ ಟ್ಯಾಂಕು. ಮಗಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ನಾನು ಅದನ್ನೇ ಬಹಳ ಹೊತ್ತು ನೋಡಿದೆ.

ಸ್ಟೈನ್‌ಬೆಕ್ 1902ರಲ್ಲಿ ಹುಟ್ಟಿದ ಮನೆ ಸಲಿನಾಸ್ ಊರಿನ ಸೆಂಟ್ರಲ್ ಅವೆನ್ಯೂದಲ್ಲಿದೆ, ಚೆಂದದ ಮರದ ಮನೆ. ತಂದೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಖಜಾಂಚಿಯಾಗಿದ್ದವರು. ಅಂಥ ಮನೆಯ ಹುಡುಗ ಹೊಲದ ಆಳುಗಳ ಕಡೆ ನಿಂತು ಬರೆದದ್ದು ಊರಿನ ಜಮೀನ್ದಾರರಿಗೆ ಸಹಿಸಲಿಲ್ಲ. ಈಗ ಗ್ರಂಥಾಲಯಕ್ಕೆ ಅವರದೇ ಹೆಸರು, ಮೇನ್ ಸ್ಟ್ರೀಟಿನ ತುದಿಗೆ ಅವರದೇ ವಸ್ತುಸಂಗ್ರಹಾಲಯ. ಗಾರ್ಡನ್ ಆಫ್ ಮೆಮೊರೀಸ್ ಸ್ಮಶಾನದಲ್ಲಿ ಮಾತ್ರ ತಾಯಿಯ ಕಡೆಯವರ ನಡುವೆ ನೆಲಕ್ಕಂಟಿದ ಸಣ್ಣ ಫಲಕ. ಹುಲ್ಲು ಸರಿಸಿ ಹೆಸರು ಓದಿ, ಕೈಮುಗಿದು ಬಂದೆ.

ಅಲ್ಲಿಂದ ದಕ್ಷಿಣಕ್ಕೆ 300 ಕಿಲೋಮೀಟರಿಗೂ ಹೆಚ್ಚು ದಾರಿ. ಒಣಹುಲ್ಲಿನ ಬಂಗಾರದ ಬಣ್ಣದ ಗುಡ್ಡಗಳು, ಆಮೇಲೆ ಬಾದಾಮಿ ತೋಟಗಳು, ನೆಲದಿಂದ ಎಣ್ಣೆ ಎತ್ತುವ ಯಂತ್ರಗಳು. ಬೇಕರ್ಸ್‌ಫೀಲ್ಡ್ ಮುಟ್ಟಿದಾಗ ರಾತ್ರಿ.

ಬೇಕರ್ಸ್‌ಫೀಲ್ಡ್ ಇರುವ ಇದೇ ಕರ್ನ್ ಕೌಂಟಿಯ ಆಡಳಿತ ಮಂಡಳಿ 1939ರ ಆಗಸ್ಟ್‌ನಲ್ಲಿ, ಕಾದಂಬರಿ ಬಂದ ನಾಲ್ಕೇ ತಿಂಗಳಿಗೆ, ಅದನ್ನು ತನ್ನ ಗ್ರಂಥಾಲಯಗಳಿಂದಲೂ ಶಾಲೆಗಳಿಂದಲೂ ಹೊರಗೆ ಹಾಕಿತ್ತು. ಕಥೆಯ ಒಂದು ಮುಖ್ಯ ಭಾಗ ನಡೆಯುವುದು ಇಲ್ಲಿಯ ನೆಲದಲ್ಲೇ, ಅದಕ್ಕೇ ಅಷ್ಟು ಉರಿ. ಕೌಂಟಿಯ ಗ್ರಂಥಪಾಲಕಿ ಗ್ರೆಚೆನ್ ನೀಫ್, ಕೆಲಸ ಹೋಗುವ ಭಯವಿದ್ದರೂ ಸುಮ್ಮನಿರಲಿಲ್ಲ. ಪುಸ್ತಕ ನಿಷೇಧಿಸಿದ ಮಾತ್ರಕ್ಕೆ ವಿಚಾರ ಸಾಯುವುದಿಲ್ಲವೆಂದು ಮಂಡಳಿಗೇ ಬರೆದರು. 1941ರಲ್ಲಿ ನಿಷೇಧ ತೆರವಾಯಿತು. ಅಷ್ಟರಲ್ಲಿ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಾಗಿತ್ತು. ಜೀವಮಾನವಿಡೀ ಪುಸ್ತಕಗಳ ನಡುವೆ ಇದ್ದವನು ನಾನು, ಆ ಹೆಣ್ಣುಮಗಳಿಗೆ ಇಲ್ಲಿಂದಲೇ ನಮಸ್ಕಾರ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ವೀಡ್‌ಪ್ಯಾಚ್. ಊರಿನ ಹತ್ತಿರ ಸನ್‌ಸೆಟ್ ಬುಲೆವಾರ್ಡ್ ಎಂಬ ರಸ್ತೆ, ಎರಡೂ ಕಡೆ ದ್ರಾಕ್ಷಿ ತೋಟ. ವಲಸೆ ಕೂಲಿಗಳಿಗಾಗಿ ಸರ್ಕಾರ 1936ರಲ್ಲಿ ಕಟ್ಟಿದ ಶಿಬಿರ ಇದು. ಆಗಿನ ಮೇಲ್ವಿಚಾರಕ ಟಾಮ್ ಕಾಲಿನ್ಸ್ ಜೊತೆ ಸ್ಟೈನ್‌ಬೆಕ್ ಈ ಗುಡಾರಗಳ ನಡುವೆ ಓಡಾಡಿದ್ದರು, ಕಾಲಿನ್ಸ್ ಬರೆದಿಟ್ಟ ವರದಿಗಳನ್ನು ಓದಿದ್ದರು. ಕಾದಂಬರಿಯ ಅರ್ಪಣೆಯಲ್ಲಿ ಹೆಂಡತಿಯ ಹೆಸರಿನ ಜೊತೆಗೇ ಟಾಮ್ ಹೆಸರೂ ಇದೆ, ಇದನ್ನೆಲ್ಲ ಬದುಕಿದವನು ಎಂದು.

ಹಳೆಯ ಮೂರು ಮರದ ಕಟ್ಟಡ ಉಳಿದಿವೆ: ಸಭಾಂಗಣ, ಗ್ರಂಥಾಲಯ, ಅಂಚೆ ಕಚೇರಿ. ಅವಕ್ಕೆ ತಂತಿಬೇಲಿ, ಬಾಗಿಲಿಗೆ ಬೀಗ. ಬೇಲಿಗೆ ಹಣೆ ಹಚ್ಚಿ ನಿಂತೆ. ಜೋಡ್ ಕುಟುಂಬ ಇಲ್ಲಿಗೆ ಬರುವ ಹೊತ್ತಿಗೆ ದಾರಿಯಲ್ಲಿ ಅಜ್ಜ ಸತ್ತಿದ್ದ, ಅಜ್ಜಿಯೂ ಸತ್ತಿದ್ದಳು. ಗಾಡಿ ಮರುಭೂಮಿ ದಾಟಲಿ ಎಂದು ತಾಯಿ ರಾತ್ರಿಯಿಡೀ ಅಜ್ಜಿಯ ಹೆಣದ ಪಕ್ಕ ಯಾರಿಗೂ ಹೇಳದೆ ಮಲಗಿದ್ದಳು. ಪೊಲೀಸರಿಂದ ಬೈಸಿಕೊಂಡು, ಓಡಿಸಿಕೊಂಡು ಬಂದ ಆ ತಾಯಿಯ ಒಲೆಯ ಮುಂದೆ ಇಲ್ಲಿಯ ಮೇಲ್ವಿಚಾರಕ ಬಂದು ಕುಕ್ಕರುಗಾಲಲ್ಲಿ ಕೂತು ಕಾಫಿ ಕೇಳಿ ಕುಡಿಯುತ್ತಾನೆ. ಅಷ್ಟೇ. ಮತ್ತೆ ಮನುಷ್ಯಳಾದೆ ಅನ್ನಿಸಿಬಿಡುತ್ತದೆ ಅವಳಿಗೆ. ಇಲ್ಲಿ ಬಿಸಿನೀರು ಬರುವ ನಲ್ಲಿ ಇತ್ತು. ರೂಥಿ, ವಿನ್‌ಫೀಲ್ಡ್ ಎಂಬ ಎರಡು ಮಕ್ಕಳು ಹುಟ್ಟಿದಾರಭ್ಯ ಕಾಣದ ಫ್ಲಶ್ ಕಕ್ಕಸನ್ನು ಒತ್ತಿ, ನೀರು ಧೋ ಎಂದಾಗ ಮುರಿದೇಬಿಟ್ಟೆವು ಎಂದು ಹೆದರಿ ಓಡುತ್ತವೆ. ದೊಡ್ಡ ದೊಡ್ಡ ಮಾತುಗಳ ಅಧ್ಯಾಯಗಳು ಆ ಪುಸ್ತಕದಲ್ಲಿವೆ. ಆದರೆ ಅದರ ಜೀವ ಇರುವುದು ಈ ಕಾಫಿಯಲ್ಲಿ, ಈ ನಲ್ಲಿಯಲ್ಲಿ ಎಂದೇ ನಾನು ಮೊದಲಿನಿಂದ ನಂಬಿದವನು. ತರಗತಿಯಲ್ಲಿ ಆ ಪುಟ ಓದುವಾಗ ತಾಂಡಾದಿಂದ ಬಂದ ಹುಡುಗಿಯರು ತಲೆ ತಗ್ಗಿಸುತ್ತಿದ್ದರು.

"ಇವ್ರ ಮಕ್ಕಳಿಗೆ ಸಾಲಿ ಇತ್ತೇನಪ್ಪಾ?" ಮಗಳು ಕೇಳಿದಳು.

ಸುತ್ತಲಿನ ಶಾಲೆಗಳಿಗೆ ‘ಓಕಿ’ ಮಕ್ಕಳು ಬೇಡವಾಗಿದ್ದರು. ಓಕಿ ಅಂದರೆ ಓಕ್ಲಹೋಮಾ ಕಡೆಯಿಂದ ಬಂದವರಿಗೆ ಆಗ ಬೈಗುಳ. ಕೊನೆಗೆ ಲಿಯೋ ಹಾರ್ಟ್ ಎಂಬ ಶಿಕ್ಷಣಾಧಿಕಾರಿ 1940ರಲ್ಲಿ ಶಿಬಿರದ ಪಕ್ಕದಲ್ಲೇ ಬೇರೆ ಶಾಲೆ ತೆರೆದರು. ಮೇಷ್ಟರು, ಮಕ್ಕಳು ಸೇರಿ ತಾವೇ ಅದನ್ನು ಕಟ್ಟಿದರು, ಈಜುಕೊಳವನ್ನೂ ತೋಡಿದರು. ಇಷ್ಟು ಹೇಳುವಾಗ ನನ್ನ ಗಂಟಲು ಕಟ್ಟಿತು. ಮಗಳು ನೀರಿನ ಬಾಟಲಿ ಕೈಗಿಟ್ಟಳು.

ಹಳೆ ಕಟ್ಟಡಗಳ ಪಕ್ಕದಲ್ಲೇ ಸಾಲು ಮನೆಗಳು. ಈಗಲೂ ಅಲ್ಲಿರುವವರು ಹೊಲದ ಕೂಲಿಗಳೇ, ಹೆಚ್ಚಿನವರು ಮೆಕ್ಸಿಕೋ ಮೂಲದವರು. ಒಂದು ಮನೆಯ ಮುಂದೆ ಐದಾರು ವರ್ಷದ ಹುಡುಗ ಬರಿಗಾಲಲ್ಲಿ ನಲ್ಲಿ ತಿರುಗಿಸಿ, ರಬ್ಬರ್ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ನೀರನ್ನು ಆಕಾಶಕ್ಕೆ ಚಿಮ್ಮಿಸುತ್ತಿದ್ದ. ನಮ್ಮನ್ನು ಕಂಡು ನಿಂತ. ಒಳಗಿಂದ ತಾಯಿ ಸ್ಪ್ಯಾನಿಷಿನಲ್ಲಿ ಏನೋ ಕೂಗಿದಳು. ಪೈಪು ಅಲ್ಲೇ ಬಿಸಾಕಿ ಒಳಗೆ ಓಡಿದ. ನೀರು ಮಣ್ಣಿನಲ್ಲಿ ಹರಿದು ಬೇಲಿಯ ತನಕ ಬಂತು.